ಸೀಸದ ಬಿಲ್ಲೆ, ಅಜ್ಜಿಯ ಮಾತು

ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಸೀಸದ ಒಂದು ಬಿಲ್ಲೆ. ಒಂದು ಮಗ್ಗುಲಲ್ಲಿ ಎರಡು ಅಕ್ಷರ, ಇನ್ನೊಂದರಲ್ಲಿ ಒಂದು ಇಸವಿ. ಅಂಗಡಿಗೆ ಕೊಂಡೊಯ್ದರೆ ಕವಡೆ ಕಾಸಿಗೂ ಬಾಳುವುದಿಲ್ಲ. ಆದರೂ ಕೆನಡದ ನೋವಾ ಸ್ಕೋಷಿಯಾದಲ್ಲೋ, ನ್ಯೂಜಿಲೆಂಡಿನ ಒಟಾಗೋ ಪ್ರಾಂತದಲ್ಲೋ ಇಂಥ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಅದೇನೆಂದು ಕೇಳಿದರೆ ಬರುವ ಉತ್ತರ ಒಂದೇ ಸಾಲಿನದು: ‘ಮುತ್ತಜ್ಜಿ ಸ್ಕಾಟ್ಲೆಂಡಿನಿಂದ ತಂದದ್ದಂತೆ’.

ಆ ಬಿಲ್ಲೆ ನಿಜವಾಗಿ ಒಂದು ಪರವಾನಗಿ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಪ್ರಭುಭೋಜನದ ಸಂಸ್ಕಾರಕ್ಕೆ ಕೂರುವ ಮುನ್ನ ಪಾದ್ರಿಯೂ ಸಭೆಯ ಹಿರಿಯರೂ ಒಬ್ಬೊಬ್ಬರ ನಡತೆಯನ್ನು, ಧರ್ಮಜ್ಞಾನವನ್ನು ವಿಚಾರಿಸುತ್ತಿದ್ದರು. ಯೋಗ್ಯರೆನಿಸಿದವರಿಗೆ ಒಂದೊಂದು ಬಿಲ್ಲೆ. ಅದನ್ನು ತೋರಿಸಿದವರಿಗಷ್ಟೇ ಪಂಕ್ತಿಯಲ್ಲಿ ಜಾಗ. ಬಿಲ್ಲೆಯ ಮೇಲಿನ ಅಕ್ಷರಗಳು ಸಾಮಾನ್ಯವಾಗಿ ಊರಿನವು ಅಥವಾ ಪಾದ್ರಿಯ ಹೆಸರಿನವು. ಊರು ಬಿಡುವಾಗ ಕೆಲವರು ಅದನ್ನು ಹಿಂದಿರುಗಿಸದೆ ಜೊತೆಗೇ ಒಯ್ದರು. ಹೀಗಾಗಿ ಈ ಸೀಸದ ತುಂಡು ‘ಸ್ಕಾಟ್ಲೆಂಡಿನಿಂದ ಬಂದವರಂತೆ’ ಎಂಬ ಮಸುಕು ಮಾತನ್ನು ಒಂದು ಊರಿಗೆ, ಒಂದು ಚರ್ಚಿಗೆ, ಒಂದು ಕಾಲಕ್ಕೆ ತಂದು ನಿಲ್ಲಿಸಬಲ್ಲದು.

ಪೂರ್ವಜರನ್ನು ಹುಡುಕಲು ಹೊರಟವರ ಕೈಯಲ್ಲಿ ಮೊದಲಿಗೆ ಇರುವುದು ಎರಡೇ: ಮನೆಯಲ್ಲಿ ಉಳಿದ ವಸ್ತು, ಹಿರಿಯರ ಮಾತು. ವಸ್ತುವಿಗೆ ಬಾಯಿಲ್ಲ, ಮಾತಿಗೆ ಸಾಕ್ಷಿಯಿಲ್ಲ. ‘ಅಂತೆ’ಗಳನ್ನು ಪೋಣಿಸುತ್ತ ಹೋದರೆ ಅದು ಅಂತೆಕಂತೆಯೇ ಆಗಿಬಿಡುತ್ತದೆ. ಹಾಗೆಂದು ಎರಡನ್ನೂ ತಳ್ಳಿಹಾಕಿದರೆ ಬಡವರ ಚರಿತ್ರೆಯ ಬಹುಪಾಲು ಕೈಬಿಟ್ಟುಹೋಗುತ್ತದೆ. ಇವನ್ನು ಒರೆಗೆ ಹಚ್ಚಿ ನೋಡುವ ಕ್ರಮವೊಂದಿದೆ. ಆ ಕ್ರಮ ಹಿಡಿದು ಹೋದವರಿಗೆ ಕೆಲವೊಮ್ಮೆ ಮನೆತನದವರು ನಿರೀಕ್ಷಿಸದ ಸಂಗತಿಯೂ ಎದುರಾಗುತ್ತದೆ.

ಹೊರಟವರು ಯಾರು, ಯಾಕೆ?

ಸ್ಕಾಟ್ಲೆಂಡ್ ಚಿಕ್ಕ ದೇಶ. 1841ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 26 ಲಕ್ಷ. ಅಂಥ ದೇಶದಿಂದ 1825ರಿಂದ 1938ರ ನಡುವೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಡಲಾಚೆಗೆ ಹೋದರೆಂದು ಇತಿಹಾಸಕಾರರ ಅಂದಾಜು. ಅಮೆರಿಕ, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಇವರ ಸಂತತಿ ಹರಡಿದೆ.

ಇವರೆಲ್ಲ ಒಂದೇ ಕಾರಣಕ್ಕೆ ಹೊರಟವರಲ್ಲ. ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡು ಸೀಮೆ ಹೈಲ್ಯಾಂಡ್ಸ್. ಅಲ್ಲಿನ ಜನ ಗೇಲಿಕ್ ಭಾಷೆಯವರು, ಜಮೀನ್ದಾರರ ಕೈಕೆಳಗಿನ ಒಕ್ಕಲುಗಳು. 1773ರ ಜುಲೈಯಲ್ಲಿ ಲಾಕ್ ಬ್ರೂಮ್ ಎಂಬ ಕಡಲ ಚಾಚಿನಿಂದ ‘ಹೆಕ್ಟರ್’ ಎಂಬ ಹಳೆಯ ಹಡಗು ಸುಮಾರು 190 ಮಂದಿಯನ್ನು ಹೊತ್ತು ಹೊರಟಿತು. ದಾರಿಯಲ್ಲಿ ಸಿಡುಬು ಮತ್ತು ಆಮಶಂಕೆಗೆ 18 ಮಕ್ಕಳು ಬಲಿಯಾದವು. ಸೆಪ್ಟೆಂಬರ್ 15ರಂದು ಹಡಗು ನೋವಾ ಸ್ಕೋಷಿಯಾದ ಪಿಕ್ಟೋ ತಲುಪಿತು. ಬಿಟ್ಟಿ ಜಮೀನು ಸಿಗುತ್ತದೆಂದು ನಂಬಿ ಬಂದವರಿಗೆ ಅಲ್ಲಿ ಕಂಡದ್ದು ನೀರಿನಂಚಿನವರೆಗೂ ಬೆಳೆದ ಕಾಡು.

ಆ ಕಾಲಕ್ಕೆ ಹೊರಟವರಲ್ಲಿ ಪ್ರಯಾಣದ ಖರ್ಚು ಭರಿಸಬಲ್ಲವರು ಸಾಕಷ್ಟಿದ್ದರು. ಒಕ್ಕಲುಗಳು ಖಾಲಿಯಾಗುವುದು ಆಗ ಜಮೀನ್ದಾರರಿಗೇ ಬೇಡವಾಗಿತ್ತು. ಹಡಗಿನ ಪ್ರಯಾಣಿಕರ ಸಂಖ್ಯೆಗೂ ಆಹಾರಕ್ಕೂ ಕಟ್ಟುಪಾಡು ವಿಧಿಸಿದ 1803ರ ಕಾಯಿದೆ ನೋಡಲು ದಯೆಯ ಕಾನೂನು. ಆದರೆ ಅದರಿಂದ ಪ್ರಯಾಣದ ದರ ಏರಿತು. ಅದರ ಹಿಂದೆ ಹೈಲ್ಯಾಂಡ್ಸ್ ಜಮೀನ್ದಾರರ ಒತ್ತಾಯವೂ ಇತ್ತು.

ಮುಂದೆ ಗಾಳಿ ಬದಲಾಯಿತು. ಒಕ್ಕಲಿಗಿಂತ ಕುರಿಯೇ ಲಾಭವೆಂದು ಕಂಡಿತು. ಸದರ್ಲೆಂಡ್ ಜಹಗೀರಿನಲ್ಲಿ 1807ರಿಂದ 1821ರವರೆಗೆ ಕಣಿವೆ ಕಣಿವೆಗಳನ್ನೇ ಒಕ್ಕಲೆಬ್ಬಿಸಿದರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳ ಸೂರಿಗೆ ಬೆಂಕಿ ಬಿತ್ತು. ಈ ಕೆಲಸದ ಮುಂದಾಳಾಗಿದ್ದ ಪ್ಯಾಟ್ರಿಕ್ ಸೆಲ್ಲರ್‌ನ ಮೇಲೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ವಿಚಾರಣೆ ನಡೆದು ಅವನು ನಿರ್ದೋಷಿಯಾಗಿ ಹೊರಬಂದ. ಎದ್ದವರಲ್ಲಿ ಅನೇಕರು ಮೊದಲು ಹೋದದ್ದು ಕಡಲ ದಂಡೆಯ ತುಂಡು ಜಮೀನಿಗೆ. ಹಡಗು ಹತ್ತಿದ್ದು ಆಮೇಲೆ, ಎಷ್ಟೋ ವೇಳೆ ಮಕ್ಕಳ ಕಾಲದಲ್ಲಿ. 1846ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂದಾಗ ಈ ಹರಿವು ಪ್ರವಾಹವಾಯಿತು. 1851ರಲ್ಲಿ ಸೌತ್ ಯೂಯಿಸ್ಟ್ ಮತ್ತು ಬಾರಾ ದ್ವೀಪಗಳ ಒಡೆಯ ಗಾರ್ಡನ್ 1,500ಕ್ಕೂ ಹೆಚ್ಚು ಮಂದಿಯನ್ನು ಕ್ವಿಬೆಕ್ಕಿಗೆ ಸಾಗಹಾಕಿದ.

ಇದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಹೊರಟವರ ಇಡೀ ಲೆಕ್ಕದಲ್ಲಿ ಇದು ಒಂದು ಭಾಗ ಮಾತ್ರ. 19ನೆಯ ಶತಮಾನದ ಉತ್ತರಾರ್ಧದಲ್ಲಿ ದೇಶ ಬಿಟ್ಟ ಹೆಚ್ಚಿನವರು ದಕ್ಷಿಣದ ಬಯಲು ಸೀಮೆಯವರು: ಕೈಮಗ್ಗದ ಕಸುಬು ಕಳೆದುಕೊಂಡ ನೇಕಾರರು, ಹೊಲದ ಆಳುಗಳು, ಗಣಿ ಕಾರ್ಮಿಕರು, ಗ್ಲಾಸ್ಗೋದ ಕಾರ್ಖಾನೆಗಳ ಕುಶಲಿಗರು. ಅವರಿಗೆ ಗೇಲಿಕ್ ಬಾರದು. ಅವರನ್ನು ಕುರಿ ಓಡಿಸಲಿಲ್ಲ. ಆದರೆ ಮೊಮ್ಮಕ್ಕಳ ಬಾಯಲ್ಲಿ ಎಷ್ಟೋ ವೇಳೆ ಎಲ್ಲರೂ ಹೈಲ್ಯಾಂಡ್ಸ್‌ನಿಂದ ಒಕ್ಕಲೆಬ್ಬಿಸಲ್ಪಟ್ಟವರೇ ಆಗಿರುತ್ತಾರೆ. ಹುಡುಕಾಟದ ಮೊದಲ ತೊಡಕು ಇಲ್ಲೇ ಶುರುವಾಗುತ್ತದೆ.

ವಸ್ತುಗಳನ್ನು ಓದುವ ಬಗೆ

ಮನೆಯ ಬೈಬಲನ್ನೇ ತೆಗೆದುಕೊಳ್ಳಿ. ಅದರ ಖಾಲಿ ಹಾಳೆಗಳಲ್ಲಿ ಜನನ, ಮದುವೆ, ಮರಣಗಳನ್ನು ಬರೆದಿಡುವುದು ಪ್ರೊಟೆಸ್ಟಂಟ್ ಮನೆಗಳ ರೂಢಿ. ಹುಡುಕುವವರು ಆತುರದಿಂದ ಆ ಹಾಳೆಗೇ ಹೋಗುತ್ತಾರೆ. ಬಲ್ಲವರು ಮೊದಲು ನೋಡುವುದು ಮುಖಪುಟದಲ್ಲಿರುವ ಮುದ್ರಣದ ವರ್ಷವನ್ನು. ಬೈಬಲ್ ಅಚ್ಚಾದದ್ದು 1850ರಲ್ಲಿ, ಒಳಗಿನ ಮೊದಲ ಜನನ 1815ರದ್ದು ಎಂದಾದರೆ ಅದನ್ನು ಆಗಿಂದಾಗ ಬರೆದಿರಲು ಸಾಧ್ಯವಿಲ್ಲ. ಹತ್ತು ಜನನಗಳೂ ಒಂದೇ ಮಸಿಯಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಯಾರೋ ಒಬ್ಬರು ಒಂದೇ ಸಂಜೆ ಕೂತು ನೆನಪಿನಿಂದ ಬರೆದಿರಬೇಕು. ಆಗ ಅದು ದಾಖಲೆಯ ವೇಷ ತೊಟ್ಟ ನೆನಪು. ಬೇರೆ ಬೇರೆ ಮಸಿ, ಬದಲಾಗುತ್ತ ಹೋಗುವ ಕೈಬರಹ ಕಂಡರೆ ಅದಕ್ಕೆ ಹೆಚ್ಚಿನ ತೂಕ.

ಹೆಣ್ಣುಮಕ್ಕಳು ಕಲಿಕೆಗಾಗಿ ಹಾಕುತ್ತಿದ್ದ ಕಸೂತಿ ಬಟ್ಟೆ ಇನ್ನೊಂದು ಸಾಕ್ಷಿ. ವರ್ಣಮಾಲೆ, ಅಂಕಿಗಳು, ಒಂದು ಮನೆ, ಎರಡು ಹಕ್ಕಿ. ಸ್ಕಾಟ್ಲೆಂಡಿನ ಕಸೂತಿಗಳಲ್ಲಿ ಇವುಗಳ ನಡುವೆ ಜೋಡಿ ಜೋಡಿ ಅಕ್ಷರಗಳ ಸಾಲೊಂದು ಕಾಣುವುದುಂಟು. ಅವು ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರ ಹೆಸರಿನ ಮೊದಲಕ್ಷರಗಳು. ಹತ್ತು ಹನ್ನೆರಡು ವರ್ಷದ ಹುಡುಗಿ ತನಗೆ ಅರಿವಿಲ್ಲದೆಯೇ ಮನೆಯ ಜನಗಣತಿ ಬರೆದಿಟ್ಟಿದ್ದಾಳೆ. ತಾಯಿಯ ಅಕ್ಷರಗಳು ಅವಳ ತವರಿನ ಹೆಸರಿನವಾಗಿದ್ದರೆ ಅದರ ಬೆಲೆ ಇನ್ನೂ ಹೆಚ್ಚು.

ಹಳೆಯ ಫೋಟೋಗಳಲ್ಲಿ ಮುಖಕ್ಕಿಂತ ಬೆನ್ನು ಹೆಚ್ಚು ಮಾತಾಡುತ್ತದೆ. 1860ರ ದಶಕದಲ್ಲಿ ಜನಪ್ರಿಯವಾದ ಚಿಕ್ಕ ರಟ್ಟಿನ ಫೋಟೋಗಳ ಹಿಂದೆ ಸ್ಟುಡಿಯೋದ ಹೆಸರು ಮತ್ತು ವಿಳಾಸ ಅಚ್ಚಾಗಿರುತ್ತಿತ್ತು. ಆ ಕಾಲದ ಪಟ್ಟಣಗಳ ವಾಣಿಜ್ಯ ಕೈಪಿಡಿಗಳಲ್ಲಿ ಆ ಸ್ಟುಡಿಯೋ ಯಾವ ಬೀದಿಯಲ್ಲಿ ಎಷ್ಟು ವರ್ಷ ಇತ್ತು ಎಂದು ನೋಡಿದರೆ ಫೋಟೋದ ಕಾಲ ಸಿಗುತ್ತದೆ. ‘ಇದು 1845ರಲ್ಲಿ ಬಂದ ಮುತ್ತಜ್ಜನದು’ ಎಂಬ ಮಾತು ಇಲ್ಲಿ ಬಿದ್ದುಹೋಗಬಹುದು. ಊರಲ್ಲೇ ಉಳಿದ ತಮ್ಮನ ಚಿತ್ರ ಅಂಚೆಯಲ್ಲಿ ಬಂದದ್ದಿರಬಹುದು. ಆಗ ಹುಡುಕಾಟಕ್ಕೆ ಹೊಸದೊಂದು ಕವಲು ಸಿಕ್ಕಂತಾಯಿತು.

ಹೆಚ್ಚು ಮೋಸಹೋಗುವುದು ಚೌಕಳಿ ಬಟ್ಟೆಯ ವಿಷಯದಲ್ಲಿ. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್, ಅದು ಅನಾದಿಯಿಂದ ಬಂದದ್ದು ಎಂಬ ನಂಬಿಕೆ ಗಟ್ಟಿಯಾಗಿದೆ. 1746ರ ಕಲೋಡನ್ ಯುದ್ಧದ ನಂತರ ಹೈಲ್ಯಾಂಡ್ಸ್ ಉಡುಪನ್ನು ಸರ್ಕಾರ ನಿಷೇಧಿಸಿದ್ದು ನಿಜ. ಆ ನಿಷೇಧ ತೆರವಾದದ್ದು 1782ರಲ್ಲಿ. ಆದರೆ ಕುಲಕ್ಕೊಂದು ಚೌಕಳಿ ಎಂಬ ವ್ಯವಸ್ಥೆ ಬಹುಮಟ್ಟಿಗೆ 19ನೆಯ ಶತಮಾನದ ಸೃಷ್ಟಿ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರಕ್ಕೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ವೈಭವ ಅದಕ್ಕೆ ಇಂಬು ಕೊಟ್ಟಿತು. ಕುಲಗಳ ಚೌಕಳಿಗಳ ಪ್ರಾಚೀನ ಹಸ್ತಪ್ರತಿ ಎಂದು 1842ರಲ್ಲಿ ಇಬ್ಬರು ಸೋದರರು ಅಚ್ಚು ಹಾಕಿಸಿದ ಗ್ರಂಥ ಕೃತಕವೆಂದು ಆಮೇಲೆ ಬಯಲಾಯಿತು. ಆದ್ದರಿಂದ ಮನೆಯಲ್ಲಿರುವ ಚೌಕಳಿ ಶಾಲು ಕಲೋಡನ್ನಿನ ರಣರಂಗದ್ದು ಎನ್ನುವ ಮುನ್ನ, ಅದನ್ನು ಅಜ್ಜಿ ಯಾವ ಅಂಗಡಿಯಲ್ಲಿ ಕೊಂಡಿರಬಹುದು ಎಂದೂ ಯೋಚಿಸಬೇಕು. ‘ನಿಮ್ಮ ಮನೆತನದ ಲಾಂಛನ’ ಎಂದು ಮಾರುವ ಫಲಕಗಳೂ ಅಷ್ಟೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಲಾಂಛನ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿಗೆ ಸೇರಿದ್ದಲ್ಲ. ಒಂದೇ ಅಡ್ಡಹೆಸರಿನವರೆಲ್ಲ ಒಂದೇ ರಕ್ತದವರೂ ಅಲ್ಲ. ನಾಯಕನ ಆಶ್ರಯದಲ್ಲಿದ್ದ ಒಕ್ಕಲುಗಳೂ ಅವನ ಹೆಸರನ್ನೇ ಇಟ್ಟುಕೊಂಡದ್ದುಂಟು.

ಹೆಸರುಗಳ ಕಾಡು

ಕೇಪ್ ಬ್ರೆಟನ್ ದ್ವೀಪದ ಒಂದೇ ಹಳ್ಳಿಯಲ್ಲಿ ಹತ್ತಾರು ಜಾನ್ ಮೆಕ್‌ಡೊನಾಲ್ಡ್‌ಗಳು ಸಿಕ್ಕಾರು. ಜನ ಅವರನ್ನು ಗುರುತಿಸಿದ್ದು ಅಡ್ಡಹೆಸರಿನಿಂದಲ್ಲ, ತಂದೆ ತಾತಂದಿರ ಸರಣಿಯಿಂದ: ಡೊನಾಲ್ಡನ ಮಗ, ರೋರಿಯ ಮೊಮ್ಮಗ ಇಯಾನ್ ಎಂದು. ನಮ್ಮ ಹಳ್ಳಿಗಳಲ್ಲಿ ಹೊಸಬರನ್ನು ‘ನೀನು ಯಾರ ಪೈಕಿ?’ ಎಂದು ಕೇಳುವಂತೆಯೇ ಅಲ್ಲೂ ಕೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಅಜ್ಜಂದಿರು ಬಾಯಿಪಾಠ ಒಪ್ಪಿಸುತ್ತಿದ್ದ ಆರೇಳು ತಲೆಮಾರಿನ ಸರಣಿ ಎಷ್ಟೋ ವೇಳೆ ಚರ್ಚಿನ ಪುಸ್ತಕಕ್ಕಿಂತ ಹಿಂದಕ್ಕೆ ಹೋಗುತ್ತದೆ.

ಮಕ್ಕಳಿಗೆ ಹೆಸರಿಡುವಲ್ಲಿಯೂ ಒಂದು ಪದ್ಧತಿಯಿತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದು. ಹೆಣ್ಣುಮಕ್ಕಳಲ್ಲಿ ಮೊದಲನೆಯವಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯದು, ಮೂರನೆಯವಳಿಗೆ ತಾಯಿಯದು. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮಗೆ ಇದು ಅಪರಿಚಿತವೇನಲ್ಲ. ಬೈಬಲಿನ ಹಾಳೆಯಲ್ಲಿ ಮಕ್ಕಳ ಹೆಸರು ಹುಟ್ಟಿದ ಕ್ರಮದಲ್ಲಿದ್ದರೆ ಸ್ಕಾಟ್ಲೆಂಡಿನಲ್ಲೇ ಉಳಿದ ಅಜ್ಜ ಅಜ್ಜಿಯರ ಹೆಸರನ್ನು ಊಹಿಸಬಹುದು. ಇದು ರೂಢಿಯೇ ಹೊರತು ಕಟ್ಟಳೆಯಲ್ಲ. ಹಾಗಾಗಿ ಊಹೆಯನ್ನು ಊಹೆಯಾಗಿಯೇ ಇಟ್ಟುಕೊಂಡು ದಾಖಲೆಯಲ್ಲಿ ಹುಡುಕಬೇಕು. ಒಂದು ಮಗು ತೀರಿಕೊಂಡರೆ ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದುದೂ ಉಂಟು. ಒಂದೇ ಮನೆಯಲ್ಲಿ ಇಬ್ಬರು ಅಲೆಕ್ಸಾಂಡರ್‌ಗಳು ಕಂಡರೆ ಅದು ಬರೆದವನ ತಪ್ಪಾಗಿರಬೇಕಿಲ್ಲ, ಒಂದು ಸಾವಿನ ಗುರುತಾಗಿರಬಹುದು.

ಗೇಲಿಕ್ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆದ ಗೊಂದಲ ಬೇರೆ. ಟಾರ್ಮೊಡ್ ಎಂಬಾತ ದಾಖಲೆಯಲ್ಲಿ ನಾರ್ಮನ್ ಆಗುತ್ತಾನೆ. ಓಯ್ರಿಕ್ ಎಂಬ ಹೆಣ್ಣುಮಗಳು ಒಂದು ಕಡೆ ಎಫಿ, ಇನ್ನೊಂದು ಕಡೆ ಯೂಫೀಮಿಯಾ, ಮತ್ತೊಂದು ಕಡೆ ಹೆನ್ರಿಯೆಟಾ ಆಗಬಹುದು. ಹೆಸರು ಬದಲಾದುದನ್ನು ನೋಡಿ ಇವರು ಬೇರೆ ಬೇರೆ ಹೆಂಗಸರು ಎಂದುಕೊಂಡರೆ ದಾರಿ ತಪ್ಪಿತು. ಮನೆಯಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರು ಎಂಬ ನೆನಪೊಂದೇ ಇಲ್ಲಿ ಕೈಹಿಡಿಯುವುದು. ಸಮಾಧಾನದ ಸಂಗತಿಯೆಂದರೆ, ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ಕಾಗದಪತ್ರಗಳಲ್ಲಿ ತವರಿನ ಹೆಸರನ್ನು ಉಳಿಸಿಕೊಳ್ಳುವುದು ಹಳೆಯ ವಾಡಿಕೆ. ಗೋರಿಕಲ್ಲಿನ ಮೇಲೂ ಅದೇ ಹೆಸರು. ಬೇರೆಡೆ ಗಂಡನ ಹೆಸರಿನಲ್ಲಿ ಕರಗಿಹೋಗುವ ತಾಯಂದಿರು ಇಲ್ಲಿ ಕಾಣಸಿಗುತ್ತಾರೆ.

ನೆನಪಿನ ಬಲ, ನೆನಪಿನ ದೋಷ

ನೆನಪು ತಪ್ಪುವುದು ಹೆಚ್ಚಾಗಿ ಹೆಸರು, ಇಸವಿ, ಲೆಕ್ಕಗಳಲ್ಲಿ. ಎರಡು ತಲೆಮಾರನ್ನು ಒಂದಾಗಿಸುವುದು ಅದರ ಸ್ವಭಾವ. ‘ಮೂವರು ಅಣ್ಣತಮ್ಮಂದಿರು ಬಂದರು, ಒಬ್ಬ ಉತ್ತರಕ್ಕೆ ಹೋದ, ಒಬ್ಬ ದಕ್ಷಿಣಕ್ಕೆ, ಮೂರನೆಯವನ ಸುದ್ದಿಯೇ ಇಲ್ಲ’ ಎಂಬ ಕಥೆ ಅದೆಷ್ಟು ಮನೆಗಳಲ್ಲಿ ಇದೆಯೆಂದರೆ ವಂಶಾವಳಿ ಹುಡುಕುವವರು ಅದನ್ನು ಕೇಳಿದೊಡನೆ ಎಚ್ಚರಗೊಳ್ಳುತ್ತಾರೆ.

ವೈಪು ಎಂಬ ಊರಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಕಾಟ್ಲೆಂಡಿನ ಆಸಿಂಟ್ ಸೀಮೆಯ ನಾರ್ಮನ್ ಮೆಕ್ಲಾಯ್ಡ್ ಎಂಬ ಕಟ್ಟುನಿಟ್ಟಿನ ಧರ್ಮಬೋಧಕ 1817ರಲ್ಲಿ ಪಿಕ್ಟೋಗೆ ಬಂದ. 1820ರಲ್ಲಿ ಅನುಯಾಯಿಗಳೊಡನೆ ಕೇಪ್ ಬ್ರೆಟನ್ನಿನ ಸೇಂಟ್ ಆನ್ಸ್‌ನಲ್ಲಿ ನೆಲೆಸಿದ. 1840ರ ದಶಕದ ಕೊನೆಯಲ್ಲಿ ಅಲ್ಲಿಯೂ ಬೆಳೆ ಕೈಕೊಟ್ಟಿತು. ತಾವೇ ಹಡಗು ಕಟ್ಟಿ 1851ರಲ್ಲಿ ಆಸ್ಟ್ರೇಲಿಯಕ್ಕೆ, ಅಲ್ಲಿ ನೆಲೆ ಕಾಣದೆ ನ್ಯೂಜಿಲೆಂಡಿಗೆ ಹೊರಟರು. 1860ರ ಹೊತ್ತಿಗೆ ಆರು ಹಡಗುಗಳಲ್ಲಿ 800ಕ್ಕೂ ಹೆಚ್ಚು ಮಂದಿ ಹೀಗೆ ಬಂದಿದ್ದರು. ಇಂಥ ಮನೆಯೊಂದರಲ್ಲಿ ‘ಸ್ಕಾಟ್ಲೆಂಡಿನಿಂದ ತಂದ ಪೆಟ್ಟಿಗೆ’ ಇದ್ದರೆ ಅದರ ಮರ ಯಾವುದೆಂದು ನೋಡಬೇಕು. ಕೆನಡದ ಮರವಾದರೆ ಪೆಟ್ಟಿಗೆ ಎರಡನೆಯ ವಲಸೆಯದು, ಕಥೆ ಮೊದಲನೆಯದರದು. ಎರಡೂ ನಿಜ, ಆದರೆ ನೆನಪು ಅವೆರಡನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದೆ.

ಹಾಗೆಂದು ಲಿಖಿತವಾದದ್ದೆಲ್ಲ ನೆನಪಿಗಿಂತ ಮೇಲು ಎಂದೂ ಹೇಳಲಾಗದು. ‘ಹೆಕ್ಟರ್’ ಹಡಗಿನ ಪ್ರಯಾಣಿಕರ ಪಟ್ಟಿ ಇಂದು ಎಷ್ಟೋ ಕುಟುಂಬಗಳ ಹೆಮ್ಮೆಯ ಆಧಾರ. ಆದರೆ ಅದು ಹಡಗು ಹೊರಟಾಗ ಬರೆದದ್ದಲ್ಲ. ದಶಕಗಳು ಕಳೆದ ಮೇಲೆ ನೆನಪಿನಿಂದ ಸಿದ್ಧಪಡಿಸಿದ್ದು. ಇತ್ತ ಬರೀ ಬಾಯಿಮಾತಿನಲ್ಲಿ ಉಳಿದದ್ದು ಬೆರಗು ಹುಟ್ಟಿಸುವಷ್ಟು ಗಟ್ಟಿಯಾಗಿರುವುದೂ ಉಂಟು. ಜಾನ್ ಲಾರ್ನ್ ಕ್ಯಾಂಪ್‌ಬೆಲ್ ಎಂಬ ವಿದ್ವಾಂಸ 1937ರಲ್ಲಿ ಪತ್ನಿಯೊಡನೆ ನೋವಾ ಸ್ಕೋಷಿಯಾಕ್ಕೆ ಹೋಗಿ, ಬಾರಾ ಮತ್ತು ಯೂಯಿಸ್ಟ್ ದ್ವೀಪಗಳಿಂದ ಬಂದವರ ಸಂತತಿಯವರಿಂದ ಗೇಲಿಕ್ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ನೂರು ವರ್ಷಕ್ಕೂ ಹಿಂದೆ ಕಡಲು ದಾಟಿದ ಹಾಡುಗಳು ಅಲ್ಲಿನವರ ಬಾಯಲ್ಲಿ ಇನ್ನೂ ಇದ್ದವು.

ಬಾಯಿಮಾತಿನ ವಂಶಾವಳಿ ನಮಗೂ ಗೊತ್ತು. ಎತ್ತಿನ ಮೇಲೆ ಬರುವ ಹೆಳವ ಮನೆಯ ಮುಂದೆ ನಿಂತು ತಲೆಮಾರುಗಳನ್ನು ಹೇಳುತ್ತಿದ್ದುದನ್ನು ಕೇಳಿದವರು ಉತ್ತರ ಕರ್ನಾಟಕದಲ್ಲಿ ಈಗಲೂ ಇದ್ದಾರೆ. ಅಂಥ ಬಾಯಿಮಾತನ್ನು ಕಾಗದಕ್ಕಿಳಿಸಿದವರಲ್ಲಿ ಒಬ್ಬ ಸ್ಕಾಟ್ಲೆಂಡಿನವನೇ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1799ರ ನಂತರ ಮೈಸೂರು ಸೀಮೆಯನ್ನು ಅಳತೆ ಮಾಡಿದ ಕರ್ನಲ್ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ಸೋದರರ ನೆರವಿನಿಂದ ಅವನು ಊರೂರಿನ ಶಾಸನ, ಪಾಳೆಯಗಾರರ ವಂಶಾವಳಿ, ಹಿರಿಯರ ಹೇಳಿಕೆಗಳನ್ನು ಬರೆಸಿದ. ಇವು ಇಂದು ನಮಗೆ ಕೈಫಿಯತ್ತುಗಳೆಂದು ಪರಿಚಿತ. ಮರಳಿ ಊರು ಕಾಣದೆ 1821ರಲ್ಲಿ ಬಂಗಾಳದಲ್ಲಿ ತೀರಿಕೊಂಡ. ಕೈಫಿಯತ್ತಿನ ವಂಶಾವಳಿಯನ್ನು ಶಾಸನದೊಡನೆ ತಾಳೆ ನೋಡದೆ ನಮ್ಮ ಇತಿಹಾಸಕಾರರು ಒಪ್ಪುವುದಿಲ್ಲ. ಅಜ್ಜಿಯ ಮಾತಿಗೂ ಅದೇ ನ್ಯಾಯ ಸಲ್ಲುತ್ತದೆ.

ದಾಖಲೆಗಳು ಹೇಳುವುದು, ಹೇಳದಿರುವುದು

ತಾಳೆ ನೋಡಲು ಸ್ಕಾಟ್ಲೆಂಡಿನಲ್ಲಿ ಒಳ್ಳೆಯ ದಾಖಲೆಗಳಿವೆ. 1855ರ ಜನವರಿ 1ರಿಂದ ಜನನ, ಮರಣ, ಮದುವೆಗಳ ನೋಂದಣಿ ಕಡ್ಡಾಯವಾಯಿತು. ಮೊದಲ ವರ್ಷದ ಉತ್ಸಾಹದಲ್ಲಿ ತಂದೆ ತಾಯಿಯ ಹುಟ್ಟೂರು, ಇತರ ಮಕ್ಕಳ ವಿವರ ಎಲ್ಲವನ್ನೂ ಕೇಳಿ ಬರೆದುಕೊಂಡರು. ಅದು ಹೊರೆಯೆನಿಸಿ ಮರುವರ್ಷವೇ ವಿವರಗಳನ್ನು ಕಡಿಮೆ ಮಾಡಿದರು. ಆದ್ದರಿಂದ 1855ರ ಒಂದು ನೋಂದಣಿ ಸಿಕ್ಕರೆ ನಿಧಿ ಸಿಕ್ಕಂತೆ. ವಲಸೆ ಹೋದವನು ಅದಕ್ಕೆ ಮೊದಲೇ ಹೊರಟಿದ್ದರೂ ಊರಲ್ಲುಳಿದ ಅಕ್ಕ ಆ ವರ್ಷ ಹೆತ್ತಿರಬಹುದು, ಅಥವಾ ತಂದೆ ತೀರಿಕೊಂಡಿರಬಹುದು.

ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಅವುಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1553ರದ್ದು. ದೇಶದಲ್ಲಿ ಇದ್ದ ಪ್ಯಾರಿಷ್‌ಗಳು, ಎಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಸೀಮೆಗಳು, ಸುಮಾರು 900. ಯಾವ ಪ್ಯಾರಿಷ್ ಎಂದು ತಿಳಿಯದೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಅರಸಿದಂತೆ. ಸೀಸದ ಬಿಲ್ಲೆಯ ಬೆಲೆ ತಿಳಿಯುವುದು ಇಲ್ಲಿ. 2002ರಲ್ಲಿ ಶುರುವಾದ ‘ಸ್ಕಾಟ್‌ಲ್ಯಾಂಡ್ಸ್ ಪೀಪಲ್’ ಎಂಬ ಸರ್ಕಾರಿ ವ್ಯವಸ್ಥೆಯಿಂದ ಈ ದಾಖಲೆಗಳನ್ನು ಕಂಪ್ಯೂಟರಿನಲ್ಲೇ ನೋಡಬಹುದಾಗಿದೆ. ಡಿಎನ್ಎ ಪರೀಕ್ಷೆಯೂ ಬಂದಿದೆ. ಅದು ದೂರದ ನೆಂಟರನ್ನು ತೋರಿಸೀತು, ಊರಿನ ಹೆಸರನ್ನು ಹೇಳಲಾರದು.

ಆದರೆ ಪುಸ್ತಕಗಳಲ್ಲಿ ಇಲ್ಲದವರೇ ಬಹಳ. 1783ರಲ್ಲಿ ಸರ್ಕಾರ ಪ್ರತಿ ನೋಂದಣಿಗೂ ಮೂರು ಪೆನ್ಸ್ ತೆರಿಗೆ ಹಾಕಿತು. 1794ರಲ್ಲಿ ಅದು ರದ್ದಾಗುವವರೆಗೆ ಎಷ್ಟೋ ಬಡವರು ಮಕ್ಕಳ ಹೆಸರನ್ನು ಬರೆಸಲೇ ಇಲ್ಲ. ಕ್ಯಾಥೊಲಿಕರು, ಬೇರೆ ಪಂಗಡಗಳವರು ಅಧಿಕೃತ ಚರ್ಚಿನ ಪುಸ್ತಕದ ಹೊರಗೇ ಉಳಿದರು. ಬ್ರಿಟನ್ನಿನಿಂದ ಹೊರಟ ಹಡಗುಗಳ ಪಟ್ಟಿಗಳು ವ್ಯವಸ್ಥಿತವಾಗಿ ಉಳಿದಿರುವುದು 1890ರಿಂದೀಚೆಗೆ. ಕ್ವಿಬೆಕ್ಕಿಗೆ ಬಂದಿಳಿದವರ ಪಟ್ಟಿಗಳು 1865ರಿಂದೀಚೆಗೆ. ಒಕ್ಕಲೆದ್ದವರಲ್ಲಿ ಬಹುಪಾಲು ಮಂದಿ ಅದಕ್ಕೆ ಮೊದಲೇ ಹೋಗಿಬಿಟ್ಟಿದ್ದರು.

1845ರ ಮೇ ತಿಂಗಳಲ್ಲಿ ಗ್ಲೆನ್‌ಕಾಲ್ವಿ ಕಣಿವೆಯಿಂದ ಹೊರಹಾಕಲ್ಪಟ್ಟ ಸುಮಾರು 80 ಮಂದಿ ಕ್ರಾಯ್ಕ್ ಎಂಬಲ್ಲಿನ ಚರ್ಚಿನ ಅಂಗಳದಲ್ಲಿ ತಾತ್ಕಾಲಿಕ ಹೊದಿಕೆಯಡಿ ತಂಗಿದ್ದರು. ಚರ್ಚಿನ ಕಿಟಕಿಯ ಗಾಜಿನ ಮೇಲೆ ಹೊರಗಿನಿಂದ ಅವರು ಗೀರಿ ಬರೆದ ಅಕ್ಷರಗಳು ಇಂದಿಗೂ ಉಳಿದಿವೆ. ತಮ್ಮ ಕಣಿವೆಯ ಹೆಸರನ್ನು ಬರೆದು, ತಮ್ಮನ್ನು ತಾವೇ ಪಾಪಿಷ್ಠ ಪೀಳಿಗೆ ಎಂದು ಕರೆದುಕೊಂಡಿದ್ದಾರೆ. ಮನೆ ಕಳೆದುಕೊಂಡದ್ದು ತಮ್ಮ ಪಾಪದ ಫಲವೆಂದು ನಂಬಿದ್ದರೇನೋ. ಅವರ ಮನಸ್ಸಿನ ಆ ಸಂಕಟವನ್ನು ದಾಖಲಿಸುವ ಅಂಕಣ ಯಾವ ನೋಂದಣಿ ಪುಸ್ತಕದಲ್ಲೂ ಇಲ್ಲ.

ಮರೆತ ಇನ್ನೊಂದು ಪುಟ

ಒಕ್ಕಲೆಬ್ಬಿಸಲ್ಪಟ್ಟವರ ಮೊಮ್ಮಕ್ಕಳು ಆ ಅನ್ಯಾಯವನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಅವರು ಹೋಗಿ ಇಳಿದ ನೆಲ ಬರಿದಾಗಿರಲಿಲ್ಲ. ಪಿಕ್ಟೋ ಸುತ್ತಲಿನದು ಮಿಕ್‌ಮಾಕ್ ಜನರ ನೆಲ. ಅವರು 1760–61ರಲ್ಲಿ ಬ್ರಿಟಿಷರೊಡನೆ ಶಾಂತಿಯ ಒಪ್ಪಂದಗಳಿಗೆ ಸಹಿ ಹಾಕಿದ್ದರು, ನೆಲವನ್ನು ಬಿಟ್ಟುಕೊಟ್ಟಿರಲಿಲ್ಲ. ಬಂದವರು ಅಲ್ಲಿನ ಊರುಗಳಿಗೆ ಲಾಕ್ ಬ್ರೂಮ್, ನಾಯ್ಡಾರ್ಟ್, ಆರಿಸೇಗ್ ಎಂದು ತವರಿನ ಹೆಸರುಗಳನ್ನೇ ಇಟ್ಟರು. ಬೇರು ಹುಡುಕುವವರಿಗೆ ಆ ಹೆಸರುಗಳು ಒಳ್ಳೆಯ ಸುಳಿವು. ಅವುಗಳ ಕೆಳಗೆ ಇನ್ನೊಂದು ಜನದ ಊರುಗಳ ಹೆಸರು ಅಡಗಿವೆ.

ಆಸ್ಟ್ರೇಲಿಯದ ಗಿಪ್ಸ್‌ಲ್ಯಾಂಡಿನಲ್ಲಿ ನಡೆದದ್ದು ಇನ್ನೂ ಘೋರ. ಸ್ಕೈ ದ್ವೀಪದಲ್ಲಿ 1810ರಲ್ಲಿ ಹುಟ್ಟಿದ ಆಂಗಸ್ ಮೆಕ್‌ಮಿಲನ್ 1838ರಲ್ಲಿ ಆಸ್ಟ್ರೇಲಿಯಕ್ಕೆ ಬಂದ, ಆ ಸೀಮೆಯನ್ನು ಶೋಧಿಸಿದವನೆಂದು ಹೆಸರಾದ. ಅದಕ್ಕೆ ಅವನು ಕೊಟ್ಟ ಹೆಸರೂ ಸ್ಕಾಟ್ಲೆಂಡಿನ ಹಳೆಯ ಹೆಸರಾದ ಕ್ಯಾಲಿಡೋನಿಯಾದಿಂದ ಬಂದದ್ದು. 1843ರಲ್ಲಿ ಒಬ್ಬ ಸ್ಕಾಟ್ ವಸಾಹತುಗಾರ ಕೊಲೆಯಾದಾಗ ಅದಕ್ಕೆ ಪ್ರತೀಕಾರವಾಗಿ ವಾರಿಗಲ್ ಕ್ರೀಕ್ ಎಂಬಲ್ಲಿ ಗುನೈಕುರ್ನೈ ಜನರ ಸಾಮೂಹಿಕ ಹತ್ಯೆ ನಡೆಯಿತು. ಸತ್ತವರು ಹತ್ತಾರು ಮಂದಿ, ಕೆಲವರ ಅಂದಾಜಿನಂತೆ ನೂರಕ್ಕೂ ಹೆಚ್ಚು. ದಾಳಿಯ ಮುಂದಾಳು ಮೆಕ್‌ಮಿಲನ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆಸ್ಟ್ರೇಲಿಯದ ಸಂಸತ್ತಿನ ಒಂದು ಕ್ಷೇತ್ರಕ್ಕೆ ಅವನ ಹೆಸರಿತ್ತು. 2019ರ ಚುನಾವಣೆಯ ಹೊತ್ತಿಗೆ ಅದನ್ನು ಬದಲಿಸಲಾಯಿತು.

ಈ ಮೆಕ್‌ಮಿಲನ್ ತನ್ನ ವಂಶದ ಹಿರಿಯನೆಂದು ತಿಳಿದ ಸ್ಕಾಟ್ಲೆಂಡಿನ ಲೇಖಕಿ ಕ್ಯಾಲ್ ಫ್ಲಿನ್ ಮೊದಮೊದಲು ಹೆಮ್ಮೆಪಟ್ಟಳು. ಶೋಧಕನಾಗಿ ಹೆಸರಾದವನ ಇನ್ನೊಂದು ಮುಖ ಓದಿದ ಮೇಲೆ ಆಸ್ಟ್ರೇಲಿಯಕ್ಕೇ ಹೋಗಿ, ಗುನೈಕುರ್ನೈ ಜನರನ್ನು ಕಂಡು ಮಾತನಾಡಿ, 2016ರಲ್ಲಿ ಒಂದು ಪುಸ್ತಕ ಪ್ರಕಟಿಸಿದಳು. ಪೂರ್ವಜರನ್ನು ಹುಡುಕುವ ಕೆಲಸ ಪ್ರಾಮಾಣಿಕವಾದರೆ ಎಲ್ಲಿಗೆ ಕರೆದೊಯ್ಯಬಹುದು ಎಂಬುದಕ್ಕೆ ಇದೊಂದು ನಿದರ್ಶನ. ಒಂದು ಕಡೆ ನೆಲ ಕಳೆದುಕೊಂಡ ಜನರೇ ಇನ್ನೊಂದು ಕಡೆ ಬೇರೆಯವರ ನೆಲ ಕಿತ್ತುಕೊಂಡವರಾಗಿರಬಹುದು. ಮನೆಯ ಕಥೆಗಳಲ್ಲಿ ಮೊದಲನೆಯದು ಉಳಿಯುತ್ತದೆ, ಎರಡನೆಯದು ಉದುರಿಹೋಗುತ್ತದೆ. ಅಜ್ಜಿ ಸುಳ್ಳು ಹೇಳಿದಳೆಂದಲ್ಲ. ಅವಳಿಗೆ ಅದನ್ನು ಯಾರೂ ಹೇಳಿರಲಾರರು.

ಈ ಹುಡುಕಾಟಕ್ಕೆ ಹೊರಟವರಿಗೆ ಅನುಭವಿಗಳು ಕೊಡುವ ಸಲಹೆ ಸರಳ. ವಸ್ತುವನ್ನು ತೊಳೆದು ಉಜ್ಜಿ ಹೊಳೆಸಬಾರದು, ಗುರುತುಗಳು ಅಳಿಸಿಹೋಗುತ್ತವೆ. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಬರೆದು ಜೊತೆಗಿಡಬೇಕು. ಹಿರಿಯರನ್ನು ‘ನಮ್ಮ ಮುತ್ತಜ್ಜ ಯಾರು?’ ಎಂದು ಕೇಳುವುದಕ್ಕಿಂತ ‘ಇದನ್ನು ನಿಮಗೆ ಹೇಳಿದವರು ಯಾರು, ಆಗ ನಿಮಗೆ ಎಷ್ಟು ವಯಸ್ಸು?’ ಎಂದು ಕೇಳಬೇಕು. ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಂಡು, ಕೆಳಗೆ ದಿನಾಂಕ ಹಾಕಬೇಕು. ತಪ್ಪೆಂದು ಕಂಡ ಮಾತನ್ನೂ ಹೊಡೆದುಹಾಕಬಾರದು. ಇಂದು ತಪ್ಪೆನಿಸಿದ ಊರಿನ ಹೆಸರು ನಾಳೆ ಇನ್ನೊಂದು ದಾಖಲೆಯಲ್ಲಿ ಸಿಕ್ಕೀತು. ಎಡಿನ್‌ಬರದ ದಾಖಲೆಗಳನ್ನು ಹತ್ತು ವರ್ಷ ಬಿಟ್ಟು ಬೇಕಾದರೂ ನೋಡಬಹುದು. ಎಂಬತ್ತು ದಾಟಿದ ಅಜ್ಜಿಯನ್ನು ಈ ವರ್ಷವೇ ಕೇಳಬೇಕು.